ಸೌಲಭ್ಯ ತೆಗೆದರೆ ಹಣ ಮರಳಿಸಲಿ



ನಮ್ಮ ಮನೆಗೆ ಬ್ರಾಡ್‌ಬ್ಯಾಂಡ್ ಕೊಡುವ ಕಂಪನಿ ವರ್ಷದ ಹಣವನ್ನು ಮುಂಗಡವಾಗಿ ಕಟ್ಟಿಸಿಕೊಂಡು, ಅವಧಿ ಮುಗಿಯುವ ಮೊದಲೇ ಪ್ಯಾಕ್‌ನಲ್ಲಿದ್ದ ಒಟಿಟಿ ಸೌಲಭ್ಯವನ್ನು ತೆಗೆದುಹಾಕಿದೆ. ಕೇಳಿದರೆ, ‘ಅದು ಉಚಿತವಾಗಿ ಕೊಟ್ಟಿದ್ದು, ಯಾವಾಗ ಬೇಕಾದರೂ ನಿಲ್ಲಿಸಬಹುದು’ ಎಂಬ ಉತ್ತರ. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ತೋರಿಸಿ ಗ್ರಾಹಕರನ್ನು ಸೆಳೆದದ್ದೇ ಅದನ್ನು. ಅದು ಉಚಿತ ಹೇಗಾಗುತ್ತದೆ? ಒಪ್ಪಿಕೊಂಡ ಸೇವೆಯನ್ನು ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಸೇವಾ ನ್ಯೂನತೆ.

ದೂರಸಂಪರ್ಕದ ತಕರಾರು ಗ್ರಾಹಕರ ಆಯೋಗದ ವ್ಯಾಪ್ತಿಗೆ ಬರುವುದಿಲ್ಲ ಎಂದು ಸಾಗಹಾಕುವ ಕಾಲವೂ ಮುಗಿದಿದೆ. ಬರುತ್ತದೆ ಎಂದು 2022ರ ಫೆಬ್ರುವರಿಯಲ್ಲಿ ವೊಡಾಫೋನ್ ಐಡಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಮೊದಲು ಕಂಪನಿಗೆ ದೂರು ಕೊಟ್ಟು ದೂರಿನ ಸಂಖ್ಯೆ ಪಡೆದಿಟ್ಟುಕೊಳ್ಳಬೇಕು. ಅಲ್ಲಿ ಕೆಲಸವಾಗದಿದ್ದರೆ ಕಂಪನಿಯದೇ ಮೇಲ್ಮನವಿ ಪ್ರಾಧಿಕಾರವಿದೆ, 1915 ಗ್ರಾಹಕ ಸಹಾಯವಾಣಿಯಿದೆ, ಜಿಲ್ಲಾ ಆಯೋಗವಿದೆ. ಇಷ್ಟು ಸಣ್ಣ ಮೊತ್ತದ ದೂರಿಗೆ ಆಯೋಗದಲ್ಲಿ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ.

ಆದರೂ ಕೆಲವು ನೂರು ರೂಪಾಯಿಗೆ ಎಷ್ಟು ಜನ ಅಲೆದಾರು? ಕಂಪನಿಗಳ ಧೈರ್ಯವೇ ಅದು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಒಬ್ಬೊಬ್ಬರ ದೂರನ್ನು ವಿಚಾರಿಸುವುದಿಲ್ಲ, ನಿಜ; ನಿಯಮ ರೂಪಿಸುವ ಅಧಿಕಾರ ಅದಕ್ಕಿದೆ. ಪ್ಯಾಕ್‌ನಿಂದ ಸೇವೆ ತೆಗೆದರೆ ಉಳಿದ ಅವಧಿಯ ಹಣವನ್ನು ಮರಳಿಸಬೇಕು, ಇಲ್ಲವೇ ದಂಡವಿಲ್ಲದೆ ಸಂಪರ್ಕ ಬಿಡಲು ಅವಕಾಶ ಕೊಡಬೇಕು ಎಂದು ಅದು ಆದೇಶಿಸಲಿ.

– ಒಬ್ಬ ಗ್ರಾಹಕ, ಶಿವಮೊಗ್ಗ