ಮೊದಲು ಕೆಲಸ ನೋಡಿ, ಆಮೇಲೆ ಕೋರ್ಸ್ ಆರಿಸಿ

ಪಿಯುಸಿ ಫಲಿತಾಂಶ ಬಂತೆಂದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಮನೆಗಳಲ್ಲಿ ಲೆಕ್ಕಾಚಾರ ಶುರು. ಸಿಇಟಿ ರ‍್ಯಾಂಕಿಗೆ ಯಾವ ಕಾಲೇಜು ಸಿಗುತ್ತದೆ, ಎಂಬಿಬಿಎಸ್ ಸಿಗದಿದ್ದರೆ ಬಿಡಿಎಸ್‌ಗೆ ಸೇರಿಸೋಣವೇ, ಅಟ್ಟದ ಮೇಲಿನ ಕೊಬ್ಬರಿ ಮಾರಿದರೆ ಫೀಸಿಗೆ ಸಾಲುತ್ತದೆಯೇ? ಆ ಕೋರ್ಸ್ ಓದಿದವರು ಬೆಳಿಗ್ಗೆಯಿಂದ ಸಂಜೆಯವರೆಗೆ ಏನು ಕೆಲಸ ಮಾಡುತ್ತಾರೆ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ನಾನು ಬಿಇ ಓದುತ್ತಿದ್ದೇನೆ. ವಿಟಿಯು ನಾಲ್ಕನೇ ಸೆಮಿಸ್ಟರ್‌ನಲ್ಲಿ ನಮಗೆ ‘ಬಯಾಲಜಿ ಫಾರ್ ಎಂಜಿನಿಯರ್ಸ್’ ಎಂಬ ಪುಟ್ಟ ವಿಷಯವಿದೆ. ಕಣ್ಣನ್ನು ಕ್ಯಾಮೆರಾದಂತೆ, ಹೃದಯವನ್ನು ಪಂಪಿನಂತೆ ನೋಡಲು ಕಲಿಸುವ ಪಾಠ. ಹಾಗಾದರೆ ಹಲ್ಲಿಗೆ ಹಾಕುವ ಕ್ಲಿಪ್ಪಿನಲ್ಲಿ ಎಂಥ ಎಂಜಿನಿಯರಿಂಗ್ ಇದೆ ಎಂಬ ಕುತೂಹಲ ನನಗೆ. ಬಿಡಿಎಸ್ ಸೇರಬೇಕೇ ಬೇಡವೇ ಎಂಬ ಗೊಂದಲ ದ್ವಿತೀಯ ಪಿಯುನಲ್ಲಿರುವ ಚಿಕ್ಕಪ್ಪನ ಮಗಳಿಗೆ. ಡಾಕ್ಟರ್ ಮತ್ತು ರೋಗಿಗಳ ಒಪ್ಪಿಗೆ ಪಡೆದು ಇಬ್ಬರೂ ನಾಲ್ಕು ದಿನ ಒಂದು ಆರ್ಥೊಡಾಂಟಿಕ್ಸ್ ಕ್ಲಿನಿಕ್‌ನಲ್ಲಿ ನಿಂತೆವು. ಏನನ್ನೂ ಮುಟ್ಟುವಂತಿಲ್ಲ, ನೋಡುವುದಷ್ಟೇ. ಇದನ್ನೇ ‘ಜಾಬ್ ಶ್ಯಾಡೋಯಿಂಗ್’ ಎನ್ನುತ್ತಾರೆ.

ಅಲ್ಲಿ ಬಳಸುವ ನಿಕಲ್-ಟೈಟಾನಿಯಂ ತಂತಿ 1960ರ ಆಸುಪಾಸಿನಲ್ಲಿ ಅಮೆರಿಕ ನೌಕಾಪಡೆಯ ಪ್ರಯೋಗಾಲಯದಲ್ಲಿ ರೂಪುಗೊಂಡ ಮಿಶ್ರಲೋಹ. 1970ರ ದಶಕದಲ್ಲಿ ಅದು ಹಲ್ಲಿನ ಚಿಕಿತ್ಸೆಗೆ ಬಂತು. ಬಗ್ಗಿಸಿ ಕಟ್ಟಿದರೂ ತನ್ನ ಮೊದಲಿನ ಆಕಾರಕ್ಕೆ ಮರಳಲು ಮೆಲ್ಲಗೆ ಎಳೆಯುತ್ತಲೇ ಇರುತ್ತದೆ. ಒತ್ತಡ ಬಿದ್ದ ಕಡೆ ಮೂಳೆ ಕರಗುತ್ತದೆ, ಹಿಂದೆ ಹೊಸ ಮೂಳೆ ಬೆಳೆಯುತ್ತದೆ. ಹಲ್ಲು ಸರಿಯುವುದು ತಿಂಗಳಿಗೆ ಸುಮಾರು 1 ಮಿ.ಮೀ. ಹಾಗಾಗಿ ಚಿಕಿತ್ಸೆಗೆ ಒಂದೂವರೆ, ಎರಡು ವರ್ಷ ಬೇಕು. ಉಂಡೆ ಕೊಬ್ಬರಿಯಂತೆ ಇದಕ್ಕೂ ಅವಸರ ಆಗಿಬರದು.

ಇಷ್ಟನ್ನು ಪುಸ್ತಕದಲ್ಲೂ ಓದಬಹುದು. ಪುಸ್ತಕದಲ್ಲಿ ಇಲ್ಲದ್ದು ಬೇರೆ. ಗಂಟೆಗಟ್ಟಲೆ ಕತ್ತು ಬಗ್ಗಿಸಿ ಕೂರುವುದು, ಕೊಬ್ಬರಿ ಕಚ್ಚಿ ಬ್ರಾಕೆಟ್ ಕಿತ್ತುಕೊಂಡು ಬಂದ ಹುಡುಗನಿಗೆ ಬೈಯದೆ ಮತ್ತೆ ಅಂಟಿಸುವುದು, ಕ್ಲಿಪ್ ತೆಗೆದ ಮೇಲೂ ರಿಟೇನರ್ ಹಾಕಲೇಬೇಕು ಎಂದು ತಾಯಂದಿರಿಗೆ ತಿಳಿಹೇಳುವುದು. ಈ ಕೆಲಸಕ್ಕೆ ಬರಲು ಬಿಡಿಎಸ್ 5 ವರ್ಷ, ಎಂಡಿಎಸ್ 3 ವರ್ಷ, ಒಟ್ಟು 8 ವರ್ಷ ಓದಬೇಕು ಎಂಬುದೂ ತಂಗಿಗೆ ಅಲ್ಲೇ ಗೊತ್ತಾಯಿತು. ಅವಳಿಗೆ ಮಕ್ಕಳೊಡನೆ ಮಾತಾಡುವ ಆ ಕೆಲಸ ಹಿಡಿಸಿತು. ನನಗೆ ಹಿಡಿಸಿದ್ದು ತಂತಿ. ಇಬ್ಬರಿಗೂ ಉತ್ತರ ಸಿಕ್ಕಿತು.

ನಮ್ಮ ವ್ಯವಸ್ಥೆಯಲ್ಲಿ ಕೆಲಸ ನೋಡುವುದು ಕೊನೆಗೆ. ಬಿಡಿಎಸ್‌ನಲ್ಲಿ ಇಂಟರ್ನ್‌ಶಿಪ್ ಕೊನೆಯ ವರ್ಷ, ಬಿಇನಲ್ಲೂ ಕೊನೆಯ ಹಂತದಲ್ಲೇ. ಅಷ್ಟರಲ್ಲಿ ಫೀಸು ಕಟ್ಟಿಯಾಗಿರುತ್ತದೆ, ವರ್ಷಗಳೂ ಕಳೆದಿರುತ್ತವೆ. ಎಪಿಎಂಸಿಯಲ್ಲಿ ಕೊಬ್ಬರಿ ನೋಡದೆ ಯಾರೂ ಬೆಲೆ ಕಟ್ಟುವುದಿಲ್ಲ. ಮಕ್ಕಳ ಓದಿಗೆ ಮಾತ್ರ ಏನನ್ನೂ ನೋಡದೆ ದುಡ್ಡು ಸುರಿಯುತ್ತೇವೆ.

ನಾಲ್ಕು ದಿನದಲ್ಲಿ ಒಂದು ವೃತ್ತಿ ಪೂರ್ತಿ ಅರ್ಥವಾಗದು, ನಿಜ. ಆದರೆ ಏನು ಕೇಳಬೇಕು ಎಂಬುದು ತಿಳಿಯುತ್ತದೆ. ಪರಿಚಯದವರು ಇಲ್ಲದ ಹಳ್ಳಿ ಮಕ್ಕಳಿಗೆ ಕ್ಲಿನಿಕ್ಕಿನ ಬಾಗಿಲು ತಟ್ಟುವುದೇ ಕಷ್ಟ. ಅದಕ್ಕೇ ಪಿಯು ಕಾಲೇಜುಗಳು ಮುಂದೆ ಬರಬೇಕು. ದಸರಾ ರಜೆಯಲ್ಲಿ ಎರಡು ಮೂರು ದಿನ ಕ್ಲಿನಿಕ್, ವರ್ಕ್‌ಶಾಪ್, ಬ್ಯಾಂಕ್, ನಾರಿನ ಕಾರ್ಖಾನೆಗಳಿಗೆ ಕಳಿಸಲಿ. ಪ್ರಾಂಶುಪಾಲರ ಒಂದು ಪತ್ರ ಸಾಕು, ಖರ್ಚೇನೂ ಇಲ್ಲ.

ಕೆಲಸ ಹುಡುಕುತ್ತಿರುವ ಗೆಳೆಯರಿಗೂ ಇದೇ ಮಾತು. ಅರ್ಜಿ ಹಾಕುವ ಮೊದಲು ಆ ಕೆಲಸ ಮಾಡುವವರ ಪಕ್ಕ ಒಂದು ದಿನ ನಿಂತು ನೋಡಿ. ಕೇಳಿದರೆ ಬೇಡ ಎನ್ನುವವರು ಕಡಿಮೆ.