ದಡ್ಡರ ಪಟ್ಟಿ ಬರೆದವರು ಯಾರು?

"ಇದರ ತಲೆಗೆ ಹತ್ತಲ್ಲ ಬಿಡಮ್ಮ. ಕೂಲಿಗಾದ್ರೂ ಕರ್ಕೊಂಡು ಹೋಗು."

ಶಾಲೆಯ ಜಗುಲಿ ಮೇಲೆ ನಿಂತು ಮೇಷ್ಟ್ರು ಹೀಗೆ ಹೇಳುವಾಗ ಕೆಳಗೆ ನಿಂತ ತಾಯಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ತಲೆಯಾಡಿಸುತ್ತಾಳೆ. ಅವಳಿಗಿದು ಹೊಸ ಮಾತಲ್ಲ. ಅವಳ ಅಪ್ಪನಿಗೂ ಇದನ್ನೇ ಹೇಳಿದ್ದರು. ಅವನಿಗೆ ಹೇಳುವಾಗ ಜಾತಿಯ ಹೆಸರು ಹಿಡಿದು ಹೇಳಿದ್ದರು, ಇವಳ ಮಗುವಿಗೆ ತಲೆಯ ಹೆಸರು ಹಿಡಿದು ಹೇಳ್ತಾರೆ. ಕಾನೂನು ಬಂದಿದೆ ನೋಡಿ, ಬಾಯಿ ನಾಜೂಕಾಗಿದೆ.

ಇವತ್ತಿನ ಕಡತಗಳಲ್ಲಿ 'ದಡ್ಡ' ಅನ್ನೋ ಪದವೇ ಇಲ್ಲ. 'ನಿಧಾನಗತಿಯ ಕಲಿಕಾರ್ಥಿ' ಅಂತ ಬರೀತಾರೆ. ಸ್ಟಾಫ್ ರೂಮಿನಲ್ಲಿ 'ಸ್ಲೋ ಲರ್ನರ್' ಅಂತಾರೆ. ಅಂಥ ಮಕ್ಕಳದೊಂದು ಪಟ್ಟಿ ತಯಾರಾಗುತ್ತೆ. ಗೆಳೆಯರೇ, ನಿಮ್ಮೂರಿನ ಶಾಲೆಯಲ್ಲಿ ಆ ಪಟ್ಟಿ ಕೈಗೆ ಸಿಕ್ಕರೆ ಒಂದು ಸಲ ಓದಿ ನೋಡಿ. ಎಷ್ಟು ಹೆಸರು ಊರಿನ ಯಾವ ದಿಕ್ಕಿನವು ಅಂತ ಎಣಿಸಿ. ಬುದ್ಧಿ ಅನ್ನೋದು ಬೀದಿ ನೋಡಿಕೊಂಡು ಹುಟ್ಟುತ್ತಾ ಸ್ವಾಮಿ?

ನಾನು ಕುಂದಾಣದ ಕಡೆಯವನು. ದೇವನಹಳ್ಳಿ ತಾಲ್ಲೂಕು. ಹೊಯ್ಸಳ ರಾಮನಾಥ 13ನೇ ಶತಮಾನದಲ್ಲಿ ಇಲ್ಲಿ ರಾಜ್ಯವಾಳಿದನಂತೆ. ಈ ರಾಜಧಾನಿಯ ಕೇರಿಯಲ್ಲಿ ನಮ್ಮ ಮನೆಯಿಂದ ಬಿ.ಎ. ಮುಗಿಸಿದ ಮೊದಲನೆಯವನು ನಾನು. ರಾಜಧಾನಿಗೂ ಬಿ.ಎ.ಗೂ ನಡುವೆ ಏಳುನೂರು ವರ್ಷ ಹಿಡಿಯಿತು. ಇದರಲ್ಲಿ ನಿಧಾನಗತಿ ಯಾರದು, ಅದನ್ನೂ ಯಾವುದಾದರೂ ಪಟ್ಟಿಯಲ್ಲಿ ಬರೆಯಿರಿ.

ಹೋದ ವರ್ಷ ನಮ್ಮ ಕೇರಿಯ ಒಂದು ಹುಡುಗಿ, ಐದನೇ ಕ್ಲಾಸಿನವಳು, ಪರೀಕ್ಷೆ ಪೇಪರು ಮಡಚಿಕೊಂಡು ನನ್ನ ಹತ್ರ ಬಂದಳು. "ಅಣ್ಣ, ಅಪ್ಪನ ಸೈನು ನೀನೇ ಹಾಕ್ಬಿಡು, ಮನೇಲಿ ತೋರಿಸಿದ್ರೆ ಹೊಡೀತಾನೆ" ಅಂದಳು. ಲೆಕ್ಕದ ಪೇಪರು. ಮೇಲಿಂದ ಕೆಳಗೆ ಕೆಂಪು ಇಂಟು. ಒಂದು ಲೆಕ್ಕ ಹೀಗಿತ್ತು: 503ರಲ್ಲಿ 178 ಕಳೆಯಿರಿ. ಹುಡುಗಿ 475 ಅಂತ ಬರೆದಿದ್ದಳು.

ನೀವು ಮೇಷ್ಟ್ರಾಗಿದ್ದರೆ ಒಂದು ನಿಮಿಷ ಇಲ್ಲಿ ನಿಲ್ಲಿ. ಈ 475 ಎಲ್ಲಿಂದ ಬಂತು? ಬಾಯಿಗೆ ಬಂದದ್ದು ಬರೆದದ್ದಲ್ಲ ಅದು. ಮೂರರಲ್ಲಿ ಎಂಟು ಹೋಗಲ್ಲ, ಹಾಗಾಗಿ ಎಂಟರಲ್ಲಿ ಮೂರು ಕಳೆದು ಐದು ಅಂದಿದ್ದಾಳೆ. ಸೊನ್ನೆಯಲ್ಲಿ ಏಳು ಹೋಗಲ್ಲ, ಏಳರಲ್ಲಿ ಸೊನ್ನೆ ಕಳೆದು ಏಳು. ಐದರಲ್ಲಿ ಒಂದು ಹೋದರೆ ನಾಲ್ಕು. ಎಷ್ಟು ನೇಮವಾಗಿ ತಪ್ಪು ಮಾಡಿದ್ದಾಳೆ ನೋಡಿ! 53ರಲ್ಲಿ 28 ಕಳೆ ಅಂದೆ. ದಶಕ ಬಿಡಿಸಿ ಸರಿಯಾಗಿ 25 ಬರೆದಳು. ಹಾಗಾದರೆ ಸಾಲ ತಗೊಳ್ಳೋದು ಗೊತ್ತಿದೆ. ಇದರಲ್ಲಿ ಯಾಕೆ ಹಾಗೆ ಮಾಡಲಿಲ್ಲ ಅಂತ ಕೇಳಿದೆ. ಪೆನ್ಸಿಲನ್ನು ಸೊನ್ನೆ ಮೇಲೆ ಇಟ್ಟು ಹೇಳಿದಳು:

"ಪಕ್ಕದ ಮನೇಲಿ ಸೊನ್ನೆ ಇದ್ರೆ ಸಾಲ ಯಾರು ಕೊಡ್ತಾರಣ್ಣ?"

ನಾನು ಪದ್ಯ ಬರೆಯೋನು. ಇಂಥ ಒಂದು ಸಾಲು ನನಗೆ ಇದುವರೆಗೂ ದಕ್ಕಿಲ್ಲ. ಇವಳನ್ನು ದಡ್ಡಿ ಅಂದರು.

ಬಾಯಲ್ಲಿ ಕೇಳಿ ನೋಡಿದೆ. "ಅಮ್ಮನ ಹತ್ರ ಐನೂರ ಮೂರು ರೂಪಾಯಿ ಇತ್ತು, ಅಂಗಡೀಲಿ ನೂರ ಎಪ್ಪತ್ತೆಂಟಾಯ್ತು, ಎಷ್ಟು ಉಳೀತು?" ಗೋಡೆ ನೋಡಿಕೊಂಡು ಹೇಳಿದಳು: "ಇಪ್ಪತ್ತೆರಡು ಹಾಕಿದ್ರೆ ಇನ್ನೂರಾಯ್ತು. ಅಲ್ಲಿಂದ ಐನೂರಕ್ಕೆ ಮುನ್ನೂರು. ಮೇಲೆ ಮೂರು. ಮುನ್ನೂರ ಇಪ್ಪತ್ತೈದು." ಅಂಗಡಿಗೆ ಹೋಗಿ ಚಿಲ್ಲರೆ ತರೋ ಮಗು ಅದು, ಬರದೆ ಇರುತ್ತಾ?

ಇದು ನಮ್ಮ ಕೇರಿಯೊಂದರ ಕತೆಯಲ್ಲ. ಬ್ರೆಜಿಲ್ ದೇಶದ ರೆಸಿಫೆ ಪಟ್ಟಣದಲ್ಲಿ ಬೀದಿಯಲ್ಲಿ ಎಳನೀರು, ಹಣ್ಣು ಮಾರುತ್ತಿದ್ದ ಬಡವರ ಮಕ್ಕಳನ್ನು ಅಲ್ಲಿನ ಕೆಲವು ಸಂಶೋಧಕರು ಹೀಗೇ ಪರೀಕ್ಷಿಸಿ 1985ರಲ್ಲಿ ಪ್ರಕಟಿಸಿದರು. ಬರೀ ಐದು ಮಕ್ಕಳು. ಗಿರಾಕಿಗಳ ಥರ ನಿಂತು ಕೇಳಿದಾಗ ನೂರಕ್ಕೆ 98 ಉತ್ತರ ಸರಿ. ಅದೇ ಲೆಕ್ಕವನ್ನು ಶಾಲೆಯ ರೀತಿಯಲ್ಲಿ ಕಾಗದದ ಮೇಲೆ ಕೊಟ್ಟಾಗ ಸರಿಯಾದದ್ದು ನೂರಕ್ಕೆ 37. ಮಕ್ಕಳು ಅವೇ, ತಲೆ ಅವೇ. ನಡುವೆ ಸೋತದ್ದು ಯಾವುದು?

ಹುಡುಗಿಯ ವಿಷಯಕ್ಕೆ ಬರ್ತೀನಿ. ಮಧ್ಯೆ ಸೊನ್ನೆ ಇರೋ ಲೆಕ್ಕವನ್ನು ಶಾಲೆಯಲ್ಲಿ ಹೇಳಿಕೊಟ್ಟಾಗ ನೀನೆಲ್ಲಿದ್ದೆ ಅಂತ ಕೇಳಿದೆ. "ಹುಳಕ್ಕೆ" ಅಂದಳು. ರೇಷ್ಮೆ ಹುಳಕ್ಕೆ. ನಮ್ಮ ಕಡೆಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಉಳಿದವರಿಗಾಗಿ ಹೇಳ್ತೀನಿ. ತೋಟ ಗೌಡರದು, ಹುಳ ಸಾಕೋರು ಇವರು, ಗೂಡು ಮಾರಿದ ದುಡ್ಡಿನಲ್ಲಿ ಪಾಲು. ಹುಳ ನಾಲ್ಕು ಸಲ ಜ್ವರಕ್ಕೆ ಬೀಳುತ್ತೆ, ಅಂದರೆ ಪೊರೆ ಬಿಡುತ್ತೆ. ನಾಲ್ಕನೇ ಜ್ವರ ಕಳೆದ ಮೇಲೆ ಏಳೆಂಟು ದಿನ ಅದರ ಹಸಿವು ಹೇಳೋಕಾಗಲ್ಲ, ಇಡೀ ಬೆಳೆಯ ಸೊಪ್ಪಿನಲ್ಲಿ ಹೆಚ್ಚುಪಾಲನ್ನು ಆ ಒಂದು ವಾರದಲ್ಲೇ ತಿನ್ನುತ್ತೆ. ಆಮೇಲೆ ಹಣ್ಣಾದ ಹುಳ ಆರಿಸಿ ಚಂದ್ರಿಕೆಗೆ ಬಿಡಬೇಕು. ಗಂಟೆ ತಡವಾದರೆ ಬೆಳೆ ಹೋಯಿತು. ಆಳಿಟ್ಟು ಮಾಡಿಸಿದರೆ ಇವರ ಪಾಲಿಗೆ ಉಳಿಯೋದೇನು? ಆದ್ದರಿಂದ ಮಕ್ಕಳು. ವರ್ಷಕ್ಕೆ ಐದಾರು ಬೆಳೆ. ಪ್ರತಿ ಬೆಳೆಗೂ ಎಂಟು ಹತ್ತು ದಿನ ಶಾಲೆ ಕೈಬಿಟ್ಟು ಹೋಗುತ್ತೆ. ಆ ಹತ್ತು ದಿನದಲ್ಲಿ ಮೇಷ್ಟ್ರು ಸೊನ್ನೆ ದಾಟಿ ಹೋಗಿದ್ದರು. ವಾಪಸು ಬಂದಾಗ ಗುಣಾಕಾರ ನಡೀತಿತ್ತು. ಹುಡುಗಿ ಕೇಳಲಿಲ್ಲ. ಕೇಳಿದರೆ "ಇಷ್ಟು ದಿನ ಎಲ್ಲಿ ಸತ್ತಿದ್ದೆ?"

ಹುಳ ಸಾಕೋರ ಹತ್ರ ಒಂದು ಬುದ್ಧಿ ಇದೆ, ಶಿಕ್ಷಣ ಇಲಾಖೆ ಕಲಿಯಬಹುದು. ಜ್ವರ ಕಳೆದು ಮೊದಲು ಎದ್ದ ನಾಲ್ಕು ಹುಳಕ್ಕೆ ಅವರು ಸೊಪ್ಪು ಹಾಕೋದಿಲ್ಲ. ಹಾಕಿದರೆ ಮುಂದಿನವು ಕೊಬ್ಬಿ ಹಿಂದಿನವು ಸಣಕಲಾಗ್ತವೆ ಅಂತ ಗೊತ್ತು. ಬಹುಪಾಲು ಎಲ್ಲ ಏಳೋ ತನಕ ಕಾಯ್ತಾರೆ. ಯಾವ ಹುಳಕ್ಕೂ ದಡ್ಡ ಅನ್ನೋದಿಲ್ಲ.

ಕರ್ನಾಟಕದ ಶಾಲೆಗಳಿಗೆ ಈ ಬುದ್ಧಿ ಬಂದೇ ಇಲ್ಲ ಅಂದರೆ ಸುಳ್ಳಾಗುತ್ತೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ, ಕಾಡಂಚಿನ ತಾಲ್ಲೂಕಿನಲ್ಲಿ, ಯುನಿಸೆಫ್ ನೆರವಿನಿಂದ ಅಲ್ಲಿನ ಮೇಷ್ಟ್ರುಗಳೇ ಸೇರಿ 'ನಲಿ ಕಲಿ' ಕಟ್ಟಿದರು. ಪಾಠವನ್ನು ಮೆಟ್ಟಿಲು ಮೆಟ್ಟಿಲಾಗಿ ಮುರಿದರು. ಯಾವ ಮಗು ಯಾವ ಮೆಟ್ಟಿಲಲ್ಲಿದೆಯೋ ಅಲ್ಲಿಂದ ಅದು ಹತ್ತಬೇಕು. ಹತ್ತು ದಿನ ದನದ ಹಿಂದೆ ಹೋಗಿ ಬಂದರೂ ಬಿಟ್ಟ ಮೆಟ್ಟಿಲಿನಿಂದಲೇ ಶುರು. ಬೈಗುಳವಿಲ್ಲ, ಓಡೋದಿಲ್ಲ. ಮೇಷ್ಟ್ರ ಸಹಾಯ ಪೂರಾ ಬೇಕಾದವರಿಗೆ ಒಂದು ತಟ್ಟೆ, ಗೆಳೆಯರ ಸಹಾಯ ಸಾಕಾದವರಿಗೆ ಇನ್ನೊಂದು, ತಾವೇ ಕಲಿಯುವವರಿಗೆ ಮತ್ತೊಂದು. ಕೂಲಿಯವರ ಮಕ್ಕಳ ಬದುಕನ್ನು ಕಣ್ಣಾರೆ ಕಂಡವರು ಮಾತ್ರ ಹೀಗೆ ಯೋಚಿಸಬಲ್ಲರು. 2009ರಿಂದ ರಾಜ್ಯದ ಸರಕಾರಿ ಕನ್ನಡ ಶಾಲೆಗಳಿಗೆಲ್ಲ ಇದು ಬಂತು. ಆದರೆ ಎಲ್ಲಿಯ ತನಕ? ಮೂರನೇ ಕ್ಲಾಸಿನ ತನಕ. ನಾಲ್ಕಕ್ಕೆ ಕಾಲಿಟ್ಟ ದಿನ ಏಣಿ ಎತ್ತಿಬಿಡ್ತಾರೆ. ಆಮೇಲೆ ಎಲ್ಲರಿಗೂ ಒಂದೇ ಪಾಠ, ಒಂದೇ ದಿನ, ಬಂದೋರು ಬನ್ನಿ ಬಿಟ್ಟೋರು ಬಿಡಿ. ನಮ್ಮ ಹುಡುಗಿ ಬಿದ್ದದ್ದು ಸರಿಯಾಗಿ ನಾಲ್ಕನೇ ಕ್ಲಾಸಿನಲ್ಲಿ.

ಬಾಬಾಸಾಹೇಬರು ಚಿಕ್ಕವರಿದ್ದಾಗ ಕೂರೋ ಗೋಣಿತಾಟನ್ನು ಮನೆಯಿಂದ ಹೊತ್ತೊಯ್ದು ಸಂಜೆ ಮತ್ತೆ ಮನೆಗೇ ತರುತ್ತಿದ್ದರು, ಶಾಲೆ ಗುಡಿಸೋ ಆಳೂ ಅದನ್ನು ಮುಟ್ಟುತ್ತಿರಲಿಲ್ಲ. ಆ ಗೋಣಿತಾಟು ಹೋಯಿತು, ಬೆಂಚು ಬಂತು. ಬೆಂಚಿನಲ್ಲಿ ಕೊನೆಯದು ಯಾರಿಗೆ ಅನ್ನೋದು ಮಾತ್ರ ಹಾಗೇ ಉಳಿಯಿತು. ನಾನು ಓದಿದ ಶಾಲೆಯ ಹೆಸರು ಹೇಳಲ್ಲ. ಅಲ್ಲಿ ಅಂಕದ ಪ್ರಕಾರ ಕೂರಿಸ್ತಿದ್ದರು. ನಾನು 'ಹಾಲು' ಅನ್ನೋದನ್ನ 'ಆಲು' ಅಂತ ಓದಿದೆ ಅಂತ ಇಡೀ ಕ್ಲಾಸನ್ನು ನಗಿಸಿದರು. ಆಮೇಲೆ ಎರಡು ವರ್ಷ ನಾನು ಬಾಯಿ ಬಿಟ್ಟು ಓದಲೇ ಇಲ್ಲ. ನಮ್ಮ ಕೇರಿಯ ಎಷ್ಟೋ ಮನೆಗಳಲ್ಲಿ ಆಡೋದು ತೆಲುಗು. ಮೇಷ್ಟ್ರು 'ವ್ಯವಕಲನ' ಅಂದಾಗ ಆ ಮಗುವಿಗೆ ಮೊದಲು ಪದವೇ ಬೆಟ್ಟ. ಕಳೆಯೋದು ಅನ್ನೋಕೆ ಏನು ರೋಗ? ನನ್ನ ಬಾಯಿ ಬಿಡಿಸಿದ್ದು ಹಾಸ್ಟೆಲಿನ ಒಬ್ಬ ಹಿರಿಯ ಹುಡುಗ. ಏಳನೇ ಕ್ಲಾಸಿನ ನನಗೆ ಮೂರನೇ ಕ್ಲಾಸಿನ ಪುಸ್ತಕವನ್ನು ರಾತ್ರಿ ಎಲ್ಲರೂ ಮಲಗಿದ ಮೇಲೆ ಓದಿಸ್ತಿದ್ದ, ಯಾರಿಗೂ ಗೊತ್ತಾಗದ ಹಾಗೆ.

ಅವನು ಮಾಡಿದ್ದನ್ನೇ ಕಾಯ್ದೆಯೂ ಹೇಳುತ್ತೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಕಲಮು ನೋಡಿ. ಪ್ರತಿ ಮಗುವಿನ ಕಲಿಕೆಯ ಶಕ್ತಿಯನ್ನು ಅರಿತು, ಬೇಕಾದಲ್ಲಿ ಹೆಚ್ಚಿನ ಪಾಠ ಹೇಳಿಕೊಡೋದು ಶಿಕ್ಷಕರ ಕರ್ತವ್ಯ ಅಂತಿದೆ. ಅದು ದಯೆಯಲ್ಲ, ಭಿಕ್ಷೆಯಲ್ಲ. 17ನೇ ಕಲಮು ಹೊಡೆಯೋದನ್ನೂ ಮನಸ್ಸಿಗೆ ಹಿಂಸೆ ಕೊಡೋದನ್ನೂ ನಿಷೇಧಿಸಿದೆ. "ತಲೆಗೆ ಹತ್ತಲ್ಲ" ಅನ್ನೋದು ಹಿಂಸೆಯಲ್ಲದೆ ಮತ್ತೇನು?

ಮೇಷ್ಟ್ರುಗಳನ್ನೇ ಬೈದು ಮುಗಿಸೋಕೆ ನಾನು ಕೂತಿಲ್ಲ. 2025ರ ದಸರಾದಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗೆ ಮೇಷ್ಟ್ರುಗಳನ್ನೇ ಮನೆ ಮನೆಗೆ ಕಳಿಸಿ, ಶಾಲೆಯ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರು. ಆ ಗಣತಿ ನಮಗೆ ಬೇಕು, ಅದಕ್ಕಾಗಿ ನಾವೇ ಕೂಗಿದ್ದೇವೆ. ಆದರೆ ಎಣಿಸೋಕೆ ಬೇರೆ ಜನ ಸಿಗಲಿಲ್ಲವೇ? ರಜೆ ಬೆಳೆದಷ್ಟೂ ಟ್ಯೂಷನ್ ಇರೋ ಮನೆಯ ಮಗುವಿಗೆ ನಷ್ಟವಿಲ್ಲ. ಸರಕಾರಿ ಶಾಲೆ ಬಿಟ್ಟರೆ ಬೇರೆ ಅಕ್ಷರವಿಲ್ಲದ ಮಗುವಿಗೆ ಅದು ಇನ್ನೊಂದು ಹುಳದ ಬೆಳೆ.

ಮೆಟ್ಟಿಲು ಕಟ್ಟೋದು ಬಿಟ್ಟು ಸರಕಾರಗಳು ಜರಡಿ ಹಿಡಿದು ನಿಲ್ತವೆ. ಎಂಟರವರೆಗೆ ಯಾರನ್ನೂ ಫೇಲು ಮಾಡಬಾರದು ಅಂತಿದ್ದ ಕಾಯ್ದೆಯನ್ನು ಕೇಂದ್ರ 2019ರಲ್ಲಿ ತಿದ್ದಿತು. 2024ರ ಡಿಸೆಂಬರಿನಲ್ಲಿ ನಿಯಮವನ್ನೂ ತಂದು, ಐದು ಮತ್ತು ಎಂಟರಲ್ಲಿ ಮರುಪರೀಕ್ಷೆಯಲ್ಲೂ ಸೋತ ಮಗುವನ್ನು ಅಲ್ಲೇ ಉಳಿಸಬಹುದು ಅಂದಿತು. ನಮ್ಮ ರಾಜ್ಯ 5, 8, 9ಕ್ಕೆ ಬೋರ್ಡ್ ಪರೀಕ್ಷೆ ಮಾಡಹೋಗಿ, 2024ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟಿನಿಂದ ಫಲಿತಾಂಶಕ್ಕೆ ತಡೆ ಹಾಕಿಸಿಕೊಂಡಿತು. ಅದೇ ಕ್ಲಾಸಿನಲ್ಲಿ ಇನ್ನೊಂದು ವರ್ಷ ಕೂರಿಸಿದರೆ ಸೊನ್ನೆ ದಾಟೋದು ತಾನಾಗಿ ಬರುತ್ತಾ? ಮಗು ಕೂರೋದಿಲ್ಲ, ಹೊಲಕ್ಕೆ ಹೋಗುತ್ತೆ. ವಿಮಾನ ನಿಲ್ದಾಣ 2008ರಲ್ಲಿ ಶುರುವಾಯಿತಲ್ಲ, ಅಲ್ಲಿ ಕಸ ಗುಡಿಸೋಕೂ ಲಗೇಜು ಹೊರೋಕೂ ಜನ ಬೇಕು.

ಫೇಲು ಮಾಡದೆ ಹತ್ತಕ್ಕೆ ತಳ್ಳಿದರೆ ಅಲ್ಲಿ 'ಪಾಸಿಂಗ್ ಪ್ಯಾಕೇಜ್' ಕಾದಿರುತ್ತೆ. ಈ ಚಿತ್ರ ಬರಿ, ಈ ನಕ್ಷೆ ಗುರುತಿಸು, ಈ ಪದ್ಯ ಬಾಯಿಪಾಠ ಮಾಡು, ಪಾಸು. ನಮ್ಮ ಮಕ್ಕಳು ಪಾಸಾಗೋದು ಬೇಡ ಅಂತ ನಾನು ಹೇಳಲಾರೆ, ಆ ಕಾಗದವಿಲ್ಲದೆ ಮುಂದಿನ ಬಾಗಿಲೇ ಇಲ್ಲ. ಆದರೆ 2024ರಲ್ಲಿ ಪರೀಕ್ಷಾ ಕೋಣೆಗೆ ವೆಬ್‌ಕಾಸ್ಟಿಂಗ್ ಕಣ್ಣು ಇಟ್ಟಾಗ ಏನಾಯಿತು? ಹಿಂದಿನ ವರ್ಷ 83.89 ಇದ್ದ ಎಸ್ಸೆಸ್ಸೆಲ್ಸಿ ಫಲಿತಾಂಶ 73.40ಕ್ಕೆ ಬಿತ್ತು, ಅದೂ ಕೃಪಾಂಕವನ್ನು ಶೇಕಡ 10ರಿಂದ 20ಕ್ಕೆ ಏರಿಸಿದ ಮೇಲೆ. ನಾಲ್ಕನೇ ಕ್ಲಾಸಿನ ಸಾಲವನ್ನು ಹತ್ತರಲ್ಲಿ ಕೃಪೆ ಹಾಕಿ ತೀರಿಸಿದರು. ಕೃಪೆ ಕೇಳಿದವರಾರು?

ಕೆಲವು ಮಕ್ಕಳಿಗೆ ನಿಜವಾಗಿಯೂ ಅಕ್ಷರ ಹಿಡಿಯೋದು ಕಷ್ಟ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕಲಿಕಾ ನ್ಯೂನತೆಯನ್ನೂ ಸೇರಿಸಿದೆ. ಸಿಟಿಯಲ್ಲಿ ಇಂಗ್ಲಿಷ್ ಶಾಲೆಯ ಮಗುವಿಗೆ ಅದು ಇದ್ದರೆ ಪರೀಕ್ಷೆ ಮಾಡಿಸ್ತಾರೆ, ಸರ್ಟಿಫಿಕೇಟು ತರ್ತಾರೆ, ಹೆಚ್ಚಿನ ಸಮಯ ಕೇಳ್ತಾರೆ. ನಮ್ಮ ಕೇರಿಯ ಮಗುವಿಗೆ ಅದೇ ಇದ್ದರೆ "ಅವರಪ್ಪನ ಥರ." ನಿಮ್ಹಾನ್ಸಿಗೆ ಕರೆದೊಯ್ಯೋದಿರಲಿ, ಬೋರ್ಡು ಕಾಣ್ತಿದೆಯಾ ಅಂತ ಕಣ್ಣನ್ನಾದರೂ ಯಾರಾದರೂ ನೋಡಿದ್ದಾರಾ?

ಇನ್ನು ನಾವು. ಏಪ್ರಿಲ್ 14ಕ್ಕೆ ಫ್ಲೆಕ್ಸು ಕಟ್ಟೋಕೆ ಚಂದಾ ಎತ್ತೋ ನಾವು, ಶಿಕ್ಷಣವೇ ಅಸ್ತ್ರ ಅಂತ ಮೈಕಿನಲ್ಲಿ ಕೂಗೋ ನಾವು, ವೇದಿಕೆಯಿಂದ ಇಳಿದು ಒಂದು ಮಗುವಿನ ಪರೀಕ್ಷೆ ಪೇಪರನ್ನು ಬಿಡಿಸಿ ನೋಡಿದ್ದೇವಾ? ನಾನೂ ನೋಡಿರಲಿಲ್ಲ. ಆ ಹುಡುಗಿ ಕಳ್ಳ ಸೈನಿಗೆ ಬರದಿದ್ದರೆ ಈಗಲೂ ನೋಡ್ತಿರಲಿಲ್ಲ. ನಾನೂ ಅವಳ ಮೇಲೆ ಪದ್ಯ ಬರೆದು ಸುಮ್ಮನಾಗ್ತಿದ್ದೆ.

ಸೊನ್ನೆ ದಾಟಿಸೋಕೆ ಮೂರು ಸಂಜೆ ಹಿಡೀತು. ಕಾಗದ ಹರಿದು ನೂರರ ನೋಟು, ಹತ್ತರ ನೋಟು ಮಾಡಿದೆವು. ಪಕ್ಕದ ಮನೇಲಿ ಸೊನ್ನೆ ಇದ್ದರೆ ಆ ಮನೆಯವರು ಅದರಾಚೆ ಮನೆಗೆ ಹೋಗ್ತಾರೆ, ನೂರರ ಒಂದು ನೋಟು ತಂದು ಹತ್ತರ ಹತ್ತು ನೋಟು ಮಾಡ್ತಾರೆ, ಒಂಬತ್ತು ತಮಗಿಟ್ಟುಕೊಂಡು ಒಂದನ್ನು ನಮಗೆ ಕೊಡ್ತಾರೆ. "ಸೊನ್ನೆ ಇದ್ದೋನೇ ಸಾಲ ತಂದು ಸಾಲ ಕೊಟ್ಟ" ಅಂತ ನಕ್ಕಳು. 325 ಬರೆದಳು. ಕೆಂಪು ಇಂಟಿನ ಪಕ್ಕದಲ್ಲೇ, ಅಳಿಸದೆ.

ಈಗ ಮತ್ತೆ ಹುಳ ನಾಲ್ಕನೇ ಜ್ವರಕ್ಕೆ ಬಿದ್ದಿದೆ. ನಾಡಿದ್ದಿನಿಂದ ಅವಳು ಶಾಲೆಗೆ ಹೋಗಲ್ಲ. ಕ್ಲಾಸಿನಲ್ಲಿ ಭಿನ್ನರಾಶಿ ಶುರುವಾಗಿದೆಯಂತೆ. ಪುಸ್ತಕ ಇಸ್ಕೊಂಡು ಬಂದಿದೀನಿ. ರಾತ್ರಿಯ ಸೊಪ್ಪು ಹಾಕಿ ಎಂಟು ಗಂಟೆಗೆ ಬರ್ತೀನಿ ಅಂದಿದ್ದಾಳೆ.