ಫ್ಯಾನ್ ತಿರುಗದಿದ್ದರೆ ಫ್ಯಾನ್ ಕೊಳ್ಳಬೇಡಿ

ಹಳೆಯ ಕಾರಿನ ಬಗ್ಗೆ ಮಾತಾಡಿದ ಎಪಿಸೋಡ್‌ನಲ್ಲಿ ಒಂದು ಜಗಳವನ್ನ ಅರ್ಧಕ್ಕೇ ಬಿಟ್ಟಿದ್ದೆ. ಇವತ್ತು ಅದನ್ನ ಪೂರ್ತಿ ಆಡಿಬಿಡ್ತೀನಿ.

ನನ್ನ ತಂಗಿಯ ಮಗ ಸ್ಯಾಕ್ರಮೆಂಟೊದಲ್ಲಿ ಎಂ.ಎಸ್. ಓದ್ತಿದ್ದಾನೆ. ಅವನದೊಂದು ಹಳೆಯ ಕಾರು. ಹೋದ ಜುಲೈನಲ್ಲಿ, ಹೊರಗೆ 40 ಡಿಗ್ರಿ ಬಿಸಿಲು, ಸಿಗ್ನಲ್‌ನಲ್ಲಿ ನಿಂತಾಗ ಟೆಂಪರೇಚರ್ ಮುಳ್ಳು ಏರತೊಡಗಿತು. ಹೈವೇ ಹತ್ತಿದರೆ ಇಳಿಯೋದು. ಗ್ಯಾರೇಜಿನವನು ಬಾನೆಟ್ ಎತ್ತಿ ನೋಡಿದ. "ಫ್ಯಾನ್ ಹೋಗಿದೆ" ಅಂದ. ಹೊಸ ಫ್ಯಾನ್, ಕೂಲಿ ಎಲ್ಲ ಸೇರಿ 780 ಡಾಲರ್. ಹುಡುಗ ಕ್ರೆಡಿಟ್ ಕಾರ್ಡ್ ಉಜ್ಜಿ ಮನೆಗೆ ಬಂದ. ಐದನೇ ದಿನ ಫೋನ್: "ಮಾಮ, ಹೊಸ ಫ್ಯಾನೂ ತಿರುಗ್ತಿಲ್ಲ."

ಕೆಟ್ಟಿದ್ದು ರಿಲೇ. ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಡಬ್ಬಿ, ಬೆಲೆ 18 ಡಾಲರ್. ಒಳಗಿನ ಕಾಂಟ್ಯಾಕ್ಟ್ ಸುಟ್ಟು, ಮನಸ್ಸು ಬಂದಾಗ ಕೆಲಸ ಮಾಡ್ತಿತ್ತು, ಬರದಿದ್ದಾಗ ಇಲ್ಲ. ಗ್ಯಾರೇಜಿನಲ್ಲಿ ಹೊಸ ಫ್ಯಾನ್ ತಿರುಗಿದ್ದು ಆ ಗಳಿಗೆಯ ಅದೃಷ್ಟ ಅಷ್ಟೇ.

"ಹಳೆಯ ಮೋಟರ್ ಹೆಚ್ಚು ಕರೆಂಟ್ ಎಳೆದೇ ರಿಲೇ ಸುಟ್ಟಿದ್ದು" ಅಂತ ಗ್ಯಾರೇಜಿನವನು ವಾದಿಸಬಹುದು. ಇರಬಹುದು, ಹಾಗೂ ಆಗುತ್ತೆ. ಆದರೆ ಅದನ್ನ ಅಳೆದು ತೋರಿಸಬೇಕಿತ್ತು. ಅವನು ಅಳೆಯಲಿಲ್ಲ, ಊಹಿಸಿದ. ಊಹೆಯ ಬಿಲ್ ನಮ್ಮ ಹುಡುಗನ ತಲೆಗೆ ಬಿತ್ತು. ನನ್ನ ಸಿಟ್ಟು ಇರೋದು ಅಲ್ಲಿ.

ಈ ಫ್ಯಾನ್ ಪತ್ತೆದಾರಿಕೆ ಬ್ರಹ್ಮವಿದ್ಯೆಯೇನಲ್ಲ. ಕಾರು ವೇಗವಾಗಿ ಓಡುವಾಗ ಎದುರಿನ ಗಾಳಿಯೇ ರೇಡಿಯೇಟರನ್ನು ತಣಿಸುತ್ತೆ. ನಿಂತಾಗ, ಅಥವಾ ನಿಧಾನವಾಗಿ ಹೋಗುವಾಗ ಬೇಕಾಗೋದು ಫ್ಯಾನ್. ಅದಕ್ಕೇ ಸಿಗ್ನಲ್‌ನಲ್ಲಿ ಬಿಸಿ, ಹೈವೇಯಲ್ಲಿ ತಂಪು ಅಂದರೆ ಮೊದಲ ಅನುಮಾನ ಫ್ಯಾನ್ ಮೇಲೆ ಹೋಗಬೇಕು. ನಿಂತಾಗ ಎ.ಸಿ. ಗಾಳಿ ಬೆಚ್ಚಗಾದರೆ ಅದೂ ಅದೇ ಸೂಚನೆ ಇರಬಹುದು.

ಎಂಜಿನ್ ತಣ್ಣಗಿರುವಾಗ ಕೂಲಂಟ್ ಮಟ್ಟ ನೋಡಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮುಟ್ಟಲೇಬೇಡಿ. ಕೂಲಂಟ್ ಇಳಿದು ಸೆನ್ಸರ್ ಒಣಗಿ ನಿಂತರೆ ಬಿಸಿ ಸರಿಯಾಗಿ ಗೊತ್ತಾಗದೆ ಫ್ಯಾನ್ ಶುರುವಾಗದೇ ಇರಬಹುದು. ಆಮೇಲೆ ಕಾರು ಸ್ಟಾರ್ಟ್ ಮಾಡಿ ಎ.ಸಿ. ಹಾಕಿ. ಹೆಚ್ಚಿನ ಕಾರುಗಳಲ್ಲಿ ಫ್ಯಾನ್ ಆಗಲೇ ತಿರುಗಬೇಕು. ತಿರುಗಲಿಲ್ಲವೇ? ಫ್ಯೂಸ್ ನೋಡಿ, ಕಣ್ಣಲ್ಲಲ್ಲ, ಮಲ್ಟಿಮೀಟರ್‌ನಲ್ಲಿ. ಹೊಸ ಫ್ಯೂಸೂ ಹಾರಿಹೋದರೆ ದೊಡ್ಡ ಆಂಪಿಯರ್‌ದು ಹಾಕಬೇಡಿ, ವೈರ್ ಸುಟ್ಟೀತು. ಆಮೇಲೆ ರಿಲೇ. ಅದೇ ಡಬ್ಬದಲ್ಲಿ ಹಾರ್ನ್‌ಗೋ ಇನ್ನೊಂದಕ್ಕೋ ಅದೇ ನಂಬರಿನ ರಿಲೇ ಇದ್ದರೆ ಅದಲು ಬದಲು ಮಾಡಿ ನೋಡಿ. ಕೊನೆಗೆ ಫ್ಯಾನಿನ ಕನೆಕ್ಟರ್. ಅಲ್ಲಿಗೆ 12 ವೋಲ್ಟೂ ಅರ್ತೂ ಸರಿಯಾಗಿ ಬಂದು, ಆದರೂ ತಿರುಗಲಿಲ್ಲ ಅಂದರೆ ಆಗ ಮೋಟರ್ ಸತ್ತಿದೆ ಅನ್ನಿ. ಕರೆಂಟೇ ಬರ್ತಿಲ್ಲ ಅಂದರೆ ಮೋಟರ್ ಮೇಲೆ ಇನ್ನೂ ಅಪವಾದ ಹೊರಿಸೋ ಹಾಗಿಲ್ಲ. ಈಚಿನ ಕೆಲವು ಕಾರುಗಳಲ್ಲಿ ಫ್ಯಾನಿಗೇ ಬೇರೆ ಕಂಟ್ರೋಲ್ ಮಾಡ್ಯೂಲ್ ಇರುತ್ತೆ, ಅಲ್ಲಿ ಇದಿಷ್ಟೇ ಸಾಲದು. ಮತ್ತೊಂದು ಎಚ್ಚರ: ಎಂಜಿನ್ ಆಫ್ ಆಗಿದ್ದರೂ ಫ್ಯಾನ್ ತಟಕ್ಕನೆ ತಿರುಗಬಹುದು. ಬೆರಳು ದೂರ ಇರಲಿ.

"ಸ್ಕ್ಯಾನರ್ ಹೇಳುತ್ತಲ್ಲ" ಅಂತೀರಾ? ಅಮೆರಿಕದಲ್ಲಿ 1996ರ ಮಾಡೆಲ್‌ನಿಂದೀಚೆಗೆ ಎಲ್ಲ ಕಾರಿಗೂ ಓಬಿಡಿ-2 ಇದೆ, ನಿಜ. ಪಿ0480 ಅಂತ ಕೋಡ್ ಬಂದರೆ ಅದರ ಅರ್ಥ ಫ್ಯಾನಿನ ಕಂಟ್ರೋಲ್ ಸರ್ಕ್ಯೂಟ್‌ನಲ್ಲಿ ತೊಂದರೆ ಅಂತ. ಫ್ಯಾನ್ ಬದಲಾಯಿಸಿ ಅಂತಲ್ಲ. ಕೋಡ್ ಬೀದಿ ತೋರಿಸುತ್ತೆ, ಮನೆ ನಂಬರ್ ಹೇಳಲ್ಲ.

ಈಗ ಬೈಗುಳ ನಮ್ಮ ಕಡೆಗೆ. ನಮ್ಮಲ್ಲಿ ಎಷ್ಟೋ ಜನ ದಿನವಿಡೀ ಕೋಡ್ ಡೀಬಗ್ ಮಾಡೋರು. ಸರ್ವರ್ ನಿಂತರೆ ಲಾಗ್ ಓದದೆ ಹೊಸ ಸರ್ವರ್ ತರಿಸ್ತೀವಾ? ಯಾರಾದರೂ ತರಿಸಿದರೆ ಮೀಟಿಂಗ್‌ನಲ್ಲಿ ಸುಮ್ನೆ ಬಿಡ್ತೀವಾ? ಅದೇ ನಾವು ಗ್ಯಾರೇಜಿನಲ್ಲಿ ಕೀ ಕೊಟ್ಟು ಕಾಫಿ ಕುಡೀತಾ ಕೂರ್ತೀವಿ. ಡಯಾಗ್ನಸಿಸ್‌ಗೆ 150 ಡಾಲರ್ ಅಂದರೆ "ಸುಮ್ನೆ ನೋಡೋಕೂ ದುಡ್ಡಾ?" ಅಂತ ಎದ್ದು, ಫ್ರೀ ಚೆಕ್ ಮಾಡೋ ಕಡೆ ಹೋಗ್ತೀವಿ. ನೋಡೋದೇ ಕೆಲಸ ಕಣ್ರೀ! ತಿರುಪು ಬಿಚ್ಚಿ ಹಾಕೋದು ಯಾರಿಗಾದರೂ ಬರುತ್ತೆ. ತಲೆಗೆ ಕೂಲಿ ಕೊಡದಿದ್ದರೆ ಅಂಗಡಿಯವನು ಅದನ್ನ ಸಾಮಾನು ಮಾರಿ ವಸೂಲು ಮಾಡ್ತಾನೆ. ಈ ವ್ಯಾಪಾರ ಬೆಳೆಸಿದ್ದರಲ್ಲಿ ನಮ್ಮ ಪಾಲೂ ಇದೆ.

ಹಾಗಂತ ಎಲ್ಲರೂ ಕೈಗೆ ಗ್ರೀಸ್ ಬಳಿದುಕೊಳ್ಳಿ ಅಂತ ನಾನು ಹೇಳ್ತಿಲ್ಲ. ಮೂರು ಪ್ರಶ್ನೆ ಕೇಳಿ, ಸಾಕು. ಫ್ಯೂಸ್ ಅಳೆದ್ರಾ? ರಿಲೇ ಬದಲಿಸಿ ನೋಡಿದ್ರಾ? ಕನೆಕ್ಟರ್‌ನಲ್ಲಿ ಎಷ್ಟು ವೋಲ್ಟ್ ಬಂತು? ಉತ್ತರ ಕೊಡೋನಿಗೆ ಕೇಳಿದ ದುಡ್ಡು ಕೊಡಿ. ತಡವರಿಸೋನ ಹತ್ತಿರ ಕೀ ವಾಪಸ್ ಇಸ್ಕೊಳ್ಳಿ. ಕ್ಯಾಲಿಫೋರ್ನಿಯಾದಲ್ಲಿ ಕೆಲಸ ಶುರು ಮಾಡೋ ಮೊದಲು ಲಿಖಿತ ಎಸ್ಟಿಮೇಟ್ ಪಡೆಯೋದು ನಿಮ್ಮ ಹಕ್ಕು. ಬದಲಿಸಿದ ಹಳೆಯ ಭಾಗ ಬೇಕು ಅಂತ ಮೊದಲೇ ಹೇಳಿದರೆ, ಕೆಲವು ವಿನಾಯಿತಿ ಬಿಟ್ಟು, ಅದನ್ನೂ ಕೊಡಬೇಕು. ನಾವು ಕೇಳೋದಿಲ್ಲ ಅಷ್ಟೇ.

ಇದು ಬರೀ ದುಡ್ಡಿನ ಮಾತೂ ಅಲ್ಲ. ಮುಳ್ಳು ಕೆಂಪಿಗೆ ಹೋದ ಮೇಲೂ ಓಡಿಸಿದರೆ ಸಿಲಿಂಡರ್ ಹೆಡ್ ಸೊಟ್ಟಗಾಗುತ್ತೆ, ಹೆಡ್ ಗ್ಯಾಸ್ಕೆಟ್ ಹೋಗುತ್ತೆ. ಹಳೆಯ ಕಾರಿಗೆ ಅಲ್ಲಿಗೆ ಮಂಗಳ. ಪಾರ್ಟ್‌ಟೈಮ್ ಕೆಲಸಕ್ಕೆ ಅದೇ ಕಾರಲ್ಲಿ ಹೋಗೋ ಹುಡುಗನಿಗೆ ಅದರ ಅರ್ಥ ಏನು, ಯೋಚನೆ ಮಾಡಿ.

ಆಯುಧಪೂಜೆ ದಿನ ಕಾರು ತೊಳೆದು, ಕುಂಕುಮ ಇಟ್ಟು, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಹತ್ತಿಸ್ತೀವಿ. ಫೋಟೋ ಊರಿನ ಗ್ರೂಪಿಗೂ ಹೋಗುತ್ತೆ. ಈ ಸಲ ಹೂವು ಏರಿಸೋ ಮೊದಲು ಬಾನೆಟ್ ಎತ್ತಿ. ಫ್ಯೂಸ್ ಡಬ್ಬ ಎಲ್ಲಿದೆ, ಫ್ಯಾನ್ ರಿಲೇ ಯಾವುದು ಅಂತ ಮಕ್ಕಳನ್ನೂ ಕರೆದು ತೋರಿಸಿ. ಆಯುಧ ಯಾವುದು ಅಂತ ಗೊತ್ತಿದ್ದು ಮಾಡೋ ಪೂಜೆಗೆ ಬೆಲೆ ಜಾಸ್ತಿ.